ಅತ್ತಿಯವರು, ಆಮೆಯವರು

ನನ್ನ ಗಂಡ ಅನಂತರಾಜು ಬರೆದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದವರೆಲ್ಲ ಒಂದೇ ಆಟೋದಲ್ಲಿ ಆರಾಮವಾಗಿ ಕೂರಬಹುದು. ಅವರಲ್ಲಿ ನಾನೂ ಒಬ್ಬಳು. ಪ್ರೂಫ್ ತಿದ್ದುವ ಕೆಲಸವನ್ನು ಇವರು ನನ್ನ ತಲೆಗೆ ಕಟ್ಟಿದ್ದರು. ಆದರೆ ಆ ಪುಸ್ತಕದ ಒಂದು ಸಾಲು ಮಾತ್ರ ಗುಬ್ಬಿಯಿಂದ ಕುಣಿಗಲ್‌ವರೆಗೆ ನಮ್ಮ ಜನರ ಮನೆಮನೆಗೂ ಗೊತ್ತು. ಆ ಸಾಲಿನ ದೆಸೆಯಿಂದ ನಮ್ಮ ಮಗಳ ಮದುವೆ ಎರಡು ವರ್ಷ ನಿಂತಿತ್ತು.

ನಮ್ಮಲ್ಲಿ ಬೆಡಗು ಅಂತ ಇದೆ. ಒಂದೊಂದು ಮನೆತನಕ್ಕೆ ಒಂದೊಂದು ಬೆಡಗು, ಅದಕ್ಕೊಂದು ಗಿಡವೋ ಪ್ರಾಣಿಯೋ. ಒಂದೇ ಬೆಡಗಿನಲ್ಲಿ ಹುಟ್ಟಿದವರು, ಮುಖ ಪರಿಚಯ ಇಲ್ಲದಿದ್ದರೂ, ಅಣ್ಣತಂಗಿಯರು; ಅವರೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಇವರ ಮನೆಯವರು ಅತ್ತಿಯವರು. ಅತ್ತಿ ಮರಕ್ಕೆ ಕೊಡಲಿ ಹಾಕುವುದಿಲ್ಲ, ಅದರ ಸೌದೆಯನ್ನು ಒಲೆಗಿಡುವುದಿಲ್ಲ. ಮಾನವಶಾಸ್ತ್ರ ಓದಿದ ಇವರು ಡಾಕ್ಟರೇಟ್‌ಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿ ಬರಲಿಲ್ಲ. ಸ್ವಂತ ಜನರ ಬೆಡಗುಗಳನ್ನೇ ಹಿಡಿದುಕೊಂಡು, ಹಳೆಯ ಸ್ಕೂಟರ್ ಹತ್ತಿ ಊರೂರು ಸುತ್ತಿದರು.

ಆಗ ನಮಗೆ ಮದುವೆಯಾಗಿ ಹೊಸದು. ಬೇರೆಯವರು ಊಟಿಗೆ ಹೋಗುವ ಹೊತ್ತಿನಲ್ಲಿ ನನ್ನನ್ನು ಇವರು ಗುಬ್ಬಿ ಕಡೆಯ ಹಳ್ಳಿಗಳಿಗೆ ಕರೆದುಕೊಂಡು ಹೋದರು. ಹಾಗೆ ಹೋದ ಒಂದು ಮಧ್ಯಾಹ್ನ ಮುದ್ದಯ್ಯನವರ ಜಗಲಿಯ ಮೇಲೆ ಇವರ ಪಕ್ಕದಲ್ಲೇ ಕೂತಿದ್ದೆ. ಮುದ್ದಯ್ಯ ಆ ಸುತ್ತಿನಲ್ಲಿ ಬೆಡಗುಗಳ ಕತೆ ಬಲ್ಲ ಹಿರಿಯರು. ಇಬ್ಬರು ಅಣ್ಣತಮ್ಮಂದಿರು ಶತ್ರುಗಳಿಂದ ತಪ್ಪಿಸಿಕೊಂಡು ಓಡುವಾಗ ಶಿಂಷಾ ಹೊಳೆ ತುಂಬಿ ಬಂದಿತ್ತಂತೆ. ಅಣ್ಣ ದಡದ ಅತ್ತಿ ಮರ ಹತ್ತಿ ಜೀವ ಉಳಿಸಿಕೊಂಡ, ಅವನ ಸಂತಾನವೇ ಅತ್ತಿಯವರು. ತಮ್ಮ ಹೇಗೋ ಆಚೆ ದಡ ಸೇರಿದ. ಆ ತಮ್ಮನ ಸಂತಾನ ಯಾವ ಬೆಡಗು ಎಂದು ಇವರು ಕೇಳಿದರು. ಮುದ್ದಯ್ಯನವರಿಗೆ ನೆನಪಿರಲಿಲ್ಲ. ಇವರು ಬಿಡಲಿಲ್ಲ. ಕುಣಿಗಲ್ ಸೀಮೆಯಲ್ಲಿ ಆಮೆಯವರು ಅಂತ ಒಂದು ಬೆಡಗು ಇದೆಯಲ್ಲ, ಅವನನ್ನು ಹೊಳೆ ದಾಟಿಸಿದ್ದು ಆಮೆಯೇ ಇರಬೇಕಲ್ಲವೇ ಎಂದು ತಾವೇ ದಾರಿ ತೋರಿಸಿದರು. ಅಷ್ಟರಲ್ಲಿ ಮುದ್ದಯ್ಯನವರ ಎಮ್ಮೆ ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಹೊಲದ ಕಡೆ ಹೊರಟಿತ್ತು. ಅದರ ಮೇಲೇ ಕಣ್ಣಿಟ್ಟು ಎದ್ದು ನಿಲ್ಲುತ್ತ ಅವರು, “ಇದ್ರೂ ಇರ್ಬೌದು ಬುಡಿ ಮೇಷ್ಟ್ರೇ” ಎಂದರು.

ಅಷ್ಟೇ ನಡೆದದ್ದು. ವಾಪಸು ಬರುವಾಗ ಇವರು ಸ್ಕೂಟರ್ ಓಡಿಸುತ್ತ ಶಿಳ್ಳೆ ಹಾಕುತ್ತಿದ್ದರು. ನನಗೂ ಖುಷಿಯಾಗಿತ್ತು, ಯಾಕೆಂದು ಆಗ ಕೇಳಿಕೊಳ್ಳಲಿಲ್ಲ. ಪುಸ್ತಕದಲ್ಲಿ ಅದು, ಅತ್ತಿಯವರೂ ಆಮೆಯವರೂ ಮೂಲದಲ್ಲಿ ಅಣ್ಣತಮ್ಮಂದಿರ ಬೆಡಗುಗಳೆಂದೂ ಇವರೊಳಗೆ ಹೆಣ್ಣು ಕೊಟ್ಟು ತರುವ ರೂಢಿ ಇಲ್ಲವೆಂದೂ ತಿಳಿದುಬರುತ್ತದೆ, ಎಂದು ಅಚ್ಚಾಯಿತು. ಎಮ್ಮೆಯ ವಿಷಯ ಅಚ್ಚಾಗಲಿಲ್ಲ. ಜನಾಂಗದ ಸಂಘದವರು ಪುಸ್ತಕವನ್ನು ತಾವೇ ಹೊರತಂದರು, ಇವರಿಗೆ ಶಾಲು ಹೊದಿಸಿದರು, ಆ ಫೋಟೋ ಈಗಲೂ ನಮ್ಮ ಹಾಲಿನಲ್ಲಿದೆ.

ಆಮೇಲೆ ಎಲ್ಲರೂ ಮರೆತರು. ಇವರು ಪಾಠ ಮಾಡುವ ಕಾಲೇಜಿನಲ್ಲಿ ಮಾನವಶಾಸ್ತ್ರ ವಿಷಯವನ್ನು ಮಕ್ಕಳು ಸೇರುವುದಿಲ್ಲವೆಂದು ತೆಗೆದುಹಾಕಿದರು. ಮನುಷ್ಯ ಮನುಷ್ಯನಾದ ಬಗೆ ತೋರಿಸಲು ಇವರು ತರಿಸಿದ್ದ ಪ್ಲಾಸ್ಟರ್ ತಲೆಬುರುಡೆಗಳು ನಮ್ಮ ಮನೆಯ ಅಟ್ಟ ಸೇರಿದವು. ಇವರು ಸಮಾಜಶಾಸ್ತ್ರದ ನೋಟ್ಸ್ ಬರೆಸುತ್ತ ದಿನ ತಳ್ಳತೊಡಗಿದರು. ನಾನು ಬೆಳಿಗ್ಗೆ ಬಸ್ಸು ಹಿಡಿದು ಹೆಬ್ಬೂರಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಪಾಠ ಮಾಡಿ ಸಂಜೆ ಬರುತ್ತೇನೆ. ಪ್ರತಿ ವರ್ಷ ಜೀವ ವಿಕಾಸದ ಪಾಠ ಬಂದಾಗ ಯಾರೋ ಒಬ್ಬರು ಎದ್ದು, ಮಿಸ್, ನಾವು ಕೋತಿಯಿಂದ ಬಂದ್ವಾ ಎಂದು ಕೇಳುತ್ತಾರೆ. ಪ್ರತಿ ವರ್ಷ ಅದೇ ಉತ್ತರ ಹೇಳುತ್ತೇನೆ. ನನಗೂ ಸಾಕಾಗಿದೆ, ಮಕ್ಕಳಿಗೂ ಸಾಕಾಗಿದೆ.

ಮೊಬೈಲು ಬಂದ ಮೇಲೆ ಸಂಘದ ಉತ್ಸಾಹಿಗಳು ಯಾರೋ ‘ಸಂಬಂಧ ಕೂಡದ ಬೆಡಗುಗಳು’ ಎಂದು ಒಂದು ಚಾರ್ಟ್ ಮಾಡಿ ವಾಟ್ಸಾಪಿನಲ್ಲಿ ಬಿಟ್ಟರು. ಕೆಳಗೆ ‘ಆಧಾರ: ಡಾ. ಅನಂತರಾಜು’ ಎಂದು ಹಾಕಿದ್ದರು. ಮದುವೆ ದಲ್ಲಾಳಿಗಳು ಅದನ್ನು ಕಣ್ಣಿಗೊತ್ತಿಕೊಂಡರು. ಮೊದಲ ಸಲ ನೋಡಿದಾಗ ಇವರು, ನೋಡು, ನನ್ನ ಸಂಶೋಧನೆ ಜನಕ್ಕೆ ತಲುಪಿತು, ಎಂದರು. ಎಮ್ಮೆಯ ಮಾತು ನಾನು ಅವತ್ತೇ ತೆಗೆದೆ. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಮಗಳು ಸಿಂಚನಾ ತುಮಕೂರಿನಲ್ಲೇ ಫಿಸಿಯೋಥೆರಪಿ ಮಾಡುತ್ತಾಳೆ. ಅಂಜನ್ ಕುಣಿಗಲ್ ತಾಲ್ಲೂಕಿನಲ್ಲಿ ದನದ ಡಾಕ್ಟರು, ಅಮೃತೂರಿನ ಹುಡುಗ. ಹಸುವೊಂದು ಒದ್ದು ಮಂಡಿ ಮುರಿಸಿಕೊಂಡು ಅವಳ ಹತ್ತಿರ ವ್ಯಾಯಾಮಕ್ಕೆ ಬಂದವನು, ಮಂಡಿ ಸರಿಹೋದ ಮೇಲೂ ಬರುತ್ತಲೇ ಇದ್ದ. ನಮ್ಮದೇ ಜನ, ಒಳ್ಳೆಯ ಹುಡುಗ, ಎರಡು ಮಾತಿಲ್ಲ ಎಂದು ನಾವು ಒಪ್ಪಿದೆವು. ಅವನ ಅಪ್ಪ ಬೆಟ್ಟಸ್ವಾಮಿಯೂ ಒಪ್ಪಿದರು. ಆಮೇಲೆ ಬೆಡಗು ಕೇಳಿದರು. ಅವರು ಆಮೆಯವರು.

ಬೆಟ್ಟಸ್ವಾಮಿ ಫೋನಿನಲ್ಲಿ ಬಹಳ ಸಂಕೋಚದಿಂದ ಮಾತಾಡಿದರು. ತಮ್ಮದೇನೂ ಇಲ್ಲ, ತಮ್ಮ ಅವ್ವ ಪುಟ್ಟತಾಯಮ್ಮ ಒಪ್ಪುತ್ತಿಲ್ಲ, ಚಾರ್ಟಿನಲ್ಲಿ ಇದೆಯಲ್ಲ ಎಂದರು. ಇವರಿಗೆ ತಾವು ಬರೆದದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಬದಲಿಗೆ ಮಾನವ ವಿಕಾಸವನ್ನೇ ತೆಗೆದರು. ಹಿಂದಕ್ಕೆ ಹೋಗುತ್ತ ಹೋದರೆ ಭೂಮಿಯ ಮೇಲಿರುವವರೆಲ್ಲ ಆಫ್ರಿಕಾದ ಒಂದು ಸಣ್ಣ ಗುಂಪಿನ ಮಕ್ಕಳು, ಆ ಲೆಕ್ಕದಲ್ಲಿ ಎಲ್ಲರೂ ಅಣ್ಣತಂಗಿಯರೇ, ಹಾಗಂತ ಮದುವೆ ನಿಲ್ಲಿಸಲಾಗುತ್ತದೆಯೇ ಎಂದು ಅರ್ಧ ಗಂಟೆ ಪಾಠ ಮಾಡಿದರು. ಬೆಟ್ಟಸ್ವಾಮಿ ಪೂರ್ತಿ ಕೇಳಿಸಿಕೊಂಡು, “ಅಷ್ಟ್ ಹಿಂದಕ್ಕೆ ಹೋಗಾದ್ ಬ್ಯಾಡ ಸಾರ್, ನಮ್ಗೆ ನಿಮ್ ಪುಸ್ತಕನೇ ಸಾಕು” ಎಂದರು.

ರಿಜಿಸ್ಟರ್ ಮದುವೆಯಾಗಿ ಎಂದು ನಾನೇ ಮಕ್ಕಳಿಗೆ ಹೇಳಿದೆ. ಅಂಜನ್ ಒಪ್ಪಲಿಲ್ಲ. ಅವನ ತಾಯಿ ಅವನು ಚಿಕ್ಕವನಿದ್ದಾಗಲೇ ಹೋದರು, ಸಾಕಿದವರು ಅಜ್ಜಿ. ಅವರ ಕಣ್ಣಲ್ಲಿ ನೀರು ಹಾಕಿಸಿ ಮಾಡಿಕೊಳ್ಳುವುದಿಲ್ಲ, ಕಾಯುತ್ತೇನೆ ಎಂದ. ಸಿಂಚನಾಳೂ ಕಾದಳು. ಎರಡು ವರ್ಷದಲ್ಲಿ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಊಟ ಮಾಡಿ ತಟ್ಟೆ ತೊಳೆದಿಟ್ಟು ಕೋಣೆ ಸೇರುತ್ತಿದ್ದಳು. ಒಂದು ಭಾನುವಾರ ತಿಂಡಿ ತಿನ್ನುವಾಗ ಅಪ್ಪನ ಮುಖ ನೋಡಿ, “ಅಪ್ಪ, ಆ ಅಜ್ಜಿ ಮುಂದೆ ಹೋಗಿ ನಾನ್ ಬರ್ದಿದ್ದು ತಪ್ಪು ಅಂತ ಹೇಳು. ಬೇರೆ ಏನೂ ಕೇಳ್ತಿಲ್ಲ ನಾನು” ಎಂದಳು. ಇವರು ಇಡ್ಲಿ ಮುರಿಯುತ್ತಲೇ ಇದ್ದರು. ಬದುಕಿನಲ್ಲಿ ಇವರದು ಅಂತ ಇರುವುದು ಅದೊಂದು ಪುಸ್ತಕ. ಅಯ್ಯೋ ಅನ್ನಿಸಿತು, ಕೋಪವೂ ಬಂತು.

ಅವತ್ತೇ ಮಧ್ಯಾಹ್ನ ಇವರು ಮುದ್ದಯ್ಯನವರ ಊರಿಗೆ ಹೊರಟರು. ಅದು ತಪ್ಪೆಂದು ಅವರ ಬಾಯಲ್ಲೇ ಹೇಳಿಸಿದರೆ ತೂಕ ಬರುತ್ತದೆ ಎಂಬುದು ಇವರ ಲೆಕ್ಕ. ತಪ್ಪನ್ನು ಒಂಟಿಯಾಗಿ ಹೊರುವುದು ಬೇಡ ಎಂಬುದೂ ಒಳಗೆ ಇತ್ತು ಅನ್ನಿ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಹೋದೆವು. ಮುದ್ದಯ್ಯ ಇನ್ನೂ ಇದ್ದರು. ಹಣ್ಣುಹಣ್ಣು ಮುದುಕ, ಕಿವಿ ಮಂದ, ಮಾತು ಗಟ್ಟಿ. ಇವರು ವಿಷಯ ಹೇಳುತ್ತಿದ್ದಂತೆ ಕೈ ಅಡ್ಡ ಆಡಿಸಿದರು. ಅತ್ತಿಯವರೂ ಆಮೆಯವರೂ ಅಣ್ಣತಮ್ಮಂದಿರೇ, ಅದರಲ್ಲಿ ಸಂಶಯವೇ ಇಲ್ಲ ಎಂದರು. ಹೇಗೆ ಗೊತ್ತು ಎಂದು ಇವರು ಕೂಗಿ ಕೇಳಿದರು. ಮುದ್ದಯ್ಯ ದೇವರ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇವರ ಪುಸ್ತಕ, ಕುಂಕುಮ ಇಟ್ಟುಕೊಂಡು ಕೂತಿತ್ತು. “ಪುಸ್ತಕದಾಗೇ ಐತಲ್ಲಪ್ಪ” ಎಂದರು. ಮತ್ತೆ ಅದೇ ಕತೆಯನ್ನು ನಮಗೇ ಹೇಳಿದರು. ಈ ಸಲ ಆಮೆ ಮಾತಾಡಿತು, ತಮ್ಮನಿಗೆ ವರವನ್ನೂ ಕೊಟ್ಟಿತು. ನನಗೆ ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ.

ಬಸ್ಸಿನಲ್ಲಿ ಇವರು ಹೇಳಿದರು, ಮೂವತ್ತು ವರ್ಷ ಪಾಠ ಮಾಡಿದೀನಿ, ನಂಬಿಕೆ ಹೆಂಗೆ ಹುಟ್ಟುತ್ತೆ ಅಂತ ಇವತ್ತು ಕಂಡೆ. ಕಂಡಿದ್ದು ಒಳ್ಳೆಯದಾಯಿತು, ಅಮೃತೂರಿಗೆ ಯಾವಾಗ ಹೋಗೋಣ ಎಂದು ಕೇಳಿದೆ. ಮುಂದಿನ ಭಾನುವಾರ ಎಂದರು.

ಮುಂದಿನ ಭಾನುವಾರ ಹೋದೆವು. ಕುಣಿಗಲ್ಲಿನಲ್ಲಿ ಇಳಿದು ಪ್ರೈವೇಟ್ ಬಸ್ಸು ಹತ್ತಿದಾಗ ಸೀಟು ಸಿಗಲಿಲ್ಲ, ನಿಂತೇ ಹೋದೆವು. ಬಗಲಲ್ಲಿ ಹಣ್ಣಿನ ಚೀಲ ಹಿಡಿದು ಜೋಲಿ ಹೊಡೆಯುತ್ತಿದ್ದ ಇವರನ್ನು ನೋಡಿದರೆ ಸಂಬಂಧ ಕೇಳಲು ಹೋಗುವವರ ಹಾಗೆ ಇರಲಿಲ್ಲ, ಪರೀಕ್ಷೆಯಲ್ಲಿ ಫೇಲಾಗಲು ಹೋಗುವವರ ಹಾಗಿತ್ತು. ನನ್ನ ತಲೆಯಲ್ಲಿ ಪುಟ್ಟತಾಯಮ್ಮನ ಚಿತ್ರ ಆಗಲೇ ಸಿದ್ಧವಾಗಿತ್ತು: ಹಟಮಾರಿ ಮುದುಕಿ, ಬಾಯಿ ಜೋರು, ಎದುರು ಮಾತಾಡಿದರೆ ಎದ್ದು ಹೋಗುವವಳು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೆ.

ಅಂಥವರಲ್ಲ ಅವರು. ಸಣ್ಣಗೆ ಇದ್ದರು, ಮಾತೂ ಸಣ್ಣದು. ನಮ್ಮನ್ನು ಕಂಡು ಗೋಡೆ ಹಿಡಿದು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಬೆಟ್ಟಸ್ವಾಮಿ ಎಳನೀರು ಕೆತ್ತಿ ಕೊಟ್ಟರು. ಅಂಜನ್ ಯಾವುದೋ ಹಸು ಈಯುವುದಕ್ಕೆ ಕಷ್ಟಪಡುತ್ತಿದೆ ಎಂದು ಕರೆ ಬಂದು ಹೋಗಿದ್ದ. ಪುಟ್ಟತಾಯಮ್ಮ ನನ್ನ ಕೈ ಹಿಡಿದುಕೊಂಡೇ ಇವರ ಎದುರು ಕೂತರು. ಆಮೇಲೆ, “ನೀವು ಅತ್ತಿಯೋರಲ್ವಾ. ಆ ಲೆಕ್ಕಕ್ಕೆ ನಂಗೆ ತಮ್ಮ ಆಗ್ಬೇಕು. ನಾನೂ ಅತ್ತಿಯೋರ್ ಮನೇಲಿ ಹುಟ್ದೋಳು” ಎಂದರು.

ಇವರು ಎಳನೀರು ಕೆಳಗಿಟ್ಟರು. ಅತ್ತಿಯವರ ಮಗಳನ್ನು ಆಮೆಯವರ ಮನೆಗೆ ಕೊಟ್ಟಿದ್ದರು. ಎದುರಿಗೇ ಕೂತಿದ್ದಾಳೆ, ಮಗನನ್ನು ಹೆತ್ತಿದ್ದಾಳೆ, ಮೊಮ್ಮಗನನ್ನು ಬೆಳೆಸಿದ್ದಾಳೆ. ಕೊಟ್ಟು ತರುವ ರೂಢಿಯಿಲ್ಲವೆಂದು ತಿಳಿದುಬರುತ್ತದೆ! ಇವರು ಅವತ್ತು ಆ ಸ್ಕೂಟರನ್ನು ಇನ್ನೊಂದಿಷ್ಟು ದೂರ ಓಡಿಸಿ ಅಮೃತೂರಿಗೆ ಬಂದು ಒಬ್ಬರನ್ನು ಕೇಳಿದ್ದರೂ ಸಾಕಿತ್ತು. ನನಗೆ ಒಂದು ಕ್ಷಣ ಗೆದ್ದ ಹಾಗಾಯಿತು. ಇನ್ನೇನು ಬೇಕು, ಇದೇ ಸಾಕ್ಷಿ, ಮದುವೆ ಆದಂತೆಯೇ ಎಂದುಕೊಂಡೆ.

ಪುಟ್ಟತಾಯಮ್ಮ ಹೇಳುತ್ತ ಹೋದರು. ಮದುವೆಯಾದಾಗ ಯಾರೂ ಏನೂ ಅನ್ನಲಿಲ್ಲ. ಗಂಡ ದೊಡ್ಡರಂಗಯ್ಯ ಒಳ್ಳೆಯವರು, ಒಂದು ದಿನ ಕೈ ಎತ್ತಿದವರಲ್ಲ. ಬೆಟ್ಟಸ್ವಾಮಿಗಿಂತ ಮುಂಚೆ ಎರಡು ಹೆಣ್ಣುಮಕ್ಕಳು ಹುಟ್ಟಿದ್ದವು. ಒಂದೇ ವಾರದಲ್ಲಿ ಎರಡೂ ಗಂಟಲು ಕಟ್ಟಿಕೊಂಡು ಹೋದವು. ಯಾಕೆ ಹೀಗಾಯಿತೆಂದು ಅವರು ಕೇಳದ ದೇವರಿಲ್ಲ. ಯಡಿಯೂರಿಗೆ ಹೋಗಿ ಕೇಳಿದರು, ಊರಮ್ಮನಿಗೆ ಕೇಳಿದರು. ಎಲ್ಲೂ ಉತ್ತರ ಸಿಗಲಿಲ್ಲ. ಮುಪ್ಪಾಯಿತು, ಗಂಡ ಹೋದರು. ಆಮೇಲೆ ಯಾರೋ ಮೊಬೈಲಿನಲ್ಲಿ ಆ ಚಾರ್ಟ್ ಓದಿ ಹೇಳಿದರು.

“ಅವತ್ ಗೊತ್ತಾಯ್ತು ತಮ್ಮಾ” ಎಂದರು. “ಒಡಹುಟ್ದೋನ್ ಜೊತೆ ಬಾಳಿದ್ದೀನಿ ಅಂತ. ಅದ್ಕೇ ದೇವ್ರು ಮಕ್ಳನ್ನ ಕಿತ್ಕಂಡ. ಒಂದ್ ಕಡೆ ಅಸಹ್ಯ ಆಯ್ತು. ಇನ್ನೊಂದ್ ಕಡೆ, ಸದ್ಯ, ಸಾಯಕ್ ಮುಂಚೆ ಗೊತ್ತಾಯ್ತಲ್ಲ ಅಂತ ಸಮಾಧಾನನೂ ಆಯ್ತು. ನಿಮ್ ಮಗ್ಳು ಚಿನ್ನದಂಥೋಳಂತೆ. ನಮ್ ಹುಡುಗ ದಿನಾ ಹೇಳ್ತಾನೆ. ಅವ್ಳು ನನ್ನಂಗೆ ಮಕ್ಳನ್ನ ಮಣ್ಣಿಗ್ ಹಾಕೋದು ಬ್ಯಾಡ ಅಂತ ತಡೆದಿದ್ದೀನಿ. ಬೇಜಾರ್ ಮಾಡ್ಕಬ್ಯಾಡಿ.”

ಸಾಕ್ಷಿ ಸಿಕ್ಕಿತೆಂದು ಗೆದ್ದು ಬೀಗಿದ್ದ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಟ ಎಂದುಕೊಂಡಿದ್ದು ಕನಿಕರವಾಗಿತ್ತು, ಅದೂ ನನ್ನ ಮಗಳ ಮೇಲೆ. ಇವರ ಕಡೆ ನೋಡಿದೆ. ಹೇಳಬೇಡಿ, ಎದ್ದು ಹೋಗೋಣ ಎನ್ನಬೇಕೆನ್ನಿಸಿತು. ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುವ ಸಿಂಚನಾ ನೆನಪಾದಳು. ಹೇಳಿಬಿಡಿ ಎಂದೂ ಅನ್ನಿಸಿತು. 

ಇವರು ಹೇಳಿದರು. ಸುತ್ತುಬಳಸಲಿಲ್ಲ, ಆಫ್ರಿಕಾಕ್ಕೆ ಹೋಗಲಿಲ್ಲ. “ಅಮ್ಮಾ, ಅದು ಸುಳ್ಳು. ಕತೆ ಹೇಳಿದ ಮುದ್ದಯ್ಯನವರಿಗೆ ಗೊತ್ತಿರಲಿಲ್ಲ, ನಾನೇ ಅವರ ಬಾಯಿಗೆ ಹಾಕಿದೆ. ಕತೆ ಚೆನ್ನಾಗಿ ಕೂಡ್ತಿತ್ತು ಅಂತ ಬರೆದುಬಿಟ್ಟೆ. ಇಲ್ಲಿಗೆ ಬಂದು ಒಬ್ಬರನ್ನೂ ಕೇಳಲಿಲ್ಲ.” ಅಷ್ಟು ಹೇಳುವಷ್ಟರಲ್ಲಿ ಇವರ ಶರ್ಟಿನ ಕಾಲರು ಒದ್ದೆಯಾಗಿತ್ತು.

ಬೆಟ್ಟಸ್ವಾಮಿ ನಂಬಲಿಲ್ಲ. ಮಗಳ ಸಲುವಾಗಿ ಮೇಷ್ಟ್ರು ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಿದ್ದಾರೆ, ದೊಡ್ಡ ಮನಸ್ಸು ಎಂದರು. ಪುಟ್ಟತಾಯಮ್ಮ ಮಗನಿಗೆ ಕಿವಿಗೊಡಲಿಲ್ಲ. ನನ್ನ ಕಡೆ ತಿರುಗಿ, ಅವತ್ತು ನೀನೂ ಇದ್ದೆಯೇನವ್ವ ಎಂದು ಕೇಳಿದರು. ಇದ್ದೆ, ಪಕ್ಕದಲ್ಲೇ ಕೂತಿದ್ದೆ ಎಂದೆ. ಎಮ್ಮೆಯ ಕತೆಯನ್ನು ಪೂರ್ತಿ ಹೇಳಿದೆ. ಹಗ್ಗ ಕಿತ್ತುಕೊಂಡಿದ್ದು, ಮುದ್ದಯ್ಯನವರು ನಮ್ಮ ಮುಖವನ್ನೂ ನೋಡದೆ ಎದ್ದದ್ದು, ಇರಬಹುದು ಬಿಡಿ ಎಂದದ್ದು. ಎಮ್ಮೆ ಸಾಕಿದವರಿಗೆ ಆ ಮಾತು ಅರ್ಥವಾಗುತ್ತದೆ. ಕೇಳುತ್ತ ಕೇಳುತ್ತ ಅವರು ನನ್ನ ಕೈ ಬಿಟ್ಟರು.

“ಹಂಗಾರೆ ನನ್ ಮಕ್ಳು ಯಾಕ್ ಹೋದ್ವು?” ಎಂದು ಕೇಳಿದರು.

ನಾನು ವಿಜ್ಞಾನದ ಟೀಚರು, ಸುಮ್ಮನಿರಲು ಬರುವುದಿಲ್ಲ. ಅದು ಗಂಟಲಮಾರಿ ಅಂತ ಕಾಯಿಲೆ ಇರಬೇಕು, ಈಗ ಸೂಜಿ ಹಾಕುತ್ತಾರೆ, ಆಗ ಹಳ್ಳಿಗಳಲ್ಲಿ ಸಿಗುತ್ತಿರಲಿಲ್ಲ ಎಂದೆ. ಕಾಯಿಲೆ ಎಂದು ತನಗೂ ಗೊತ್ತು ಎಂದರು ಪುಟ್ಟತಾಯಮ್ಮ. ಆ ವರ್ಷ ಬೀದಿಯ ಮಕ್ಕಳಿಗೆಲ್ಲ ಬಂದಿತ್ತು, ಎದುರು ಮನೆಯ ಮಕ್ಕಳು ಉಳಿದುಕೊಂಡವು. ತನ್ನವೇ ಎರಡೂ ಯಾಕೆ ಹೋದವು ಎಂಬುದು ಅವರ ಪ್ರಶ್ನೆ. ಇದನ್ನೇ ಇವರು ಪ್ರತಿ ವರ್ಷ ಪಾಠ ಮಾಡುತ್ತಿದ್ದರು. ಹೇಗೆ ಆಯಿತು ಎಂಬುದನ್ನು ವಿಜ್ಞಾನ ಹೇಳುತ್ತದೆ, ನನಗೇ ಯಾಕೆ ಆಯಿತು ಎಂಬುದಕ್ಕೆ ಜನ ನಂಬಿಕೆಯನ್ನು ಕಟ್ಟಿಕೊಳ್ಳುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದರು. ಈಗ ಎಳನೀರು ಬುರುಡೆಯ ಮೇಲೆ ಕೂತ ನೊಣ ನೋಡುತ್ತಿದ್ದರು. ಉತ್ತರ ಕೊಟ್ಟವರೂ ಇವರೇ, ಕಿತ್ತುಕೊಂಡವರೂ ಇವರೇ.

ಕೊನೆಗೆ ಪುಟ್ಟತಾಯಮ್ಮ ಮಗನನ್ನು ಕರೆದು, ಆಗಲಿ, ಹುಡುಗರದು ಮುಗಿಸಿಬಿಡು, ಒಳ್ಳೆಯ ದಿನ ಕೇಳಿಸು ಎಂದರು. ಬೆಟ್ಟಸ್ವಾಮಿ ಫೋನು ಹಿಡಿದು ಹೊರಗೆ ಓಡಿದರು. ನಾನೂ ಅಂಗಳಕ್ಕೆ ಬಂದು ಸಿಂಚನಾಗೆ ಹೇಳಿದೆ. ಆ ಕಡೆ ಅವಳು ಅಳುತ್ತಿದ್ದಳು, ಅಮ್ಮ ಅಮ್ಮ ಎಂದಷ್ಟೇ ಅನ್ನುತ್ತಿದ್ದಳು. ಎರಡು ವರ್ಷದಿಂದ ಕಾದ ಮಾತು ಅದು. ನನಗೆ ಸಂತೋಷ ಆಗಬೇಕಿತ್ತು. ಎಲ್ಲಾದರೂ ಹೋಗಿ ಮಲಗಿದರೆ ಸಾಕು ಎನ್ನಿಸುವಷ್ಟು ಸುಸ್ತಾಗಿತ್ತು.

ಒಳಗೆ ಬಂದಾಗ ಪುಟ್ಟತಾಯಮ್ಮ ಇವರ ಎದುರು ನೆಲದ ಮೇಲೆ ಕೂತಿದ್ದರು. ಏನನ್ನೋ ಕೇಳಲು ಹಿಂದೆ ಮುಂದೆ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕೂತ ಮೇಲೆ ಶುರು ಮಾಡಿದರು. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಾರಲ್ಲ, ಚಾರ್ಟ್ ಬಂದಾಗಿನಿಂದ ಅವರು ದೊಡ್ಡರಂಗಯ್ಯನವರಿಗೆ ತಮ್ಮ ಕೈಯಾರೆ ಇಟ್ಟಿರಲಿಲ್ಲ. ಒಡಹುಟ್ಟಿದವನಿಗೆ ಹೆಂಡತಿಯಾಗಿ ಹೇಗೆ ಬಡಿಸುವುದೆಂದು ಆ ಹಬ್ಬದ ದಿನ ಒಳಗೆ ಹೋಗಿ ಮಲಗಿಬಿಡುತ್ತಿದ್ದರು. ಮಗನೇ ಅಡುಗೆಯವಳ ಕೈಯಲ್ಲಿ ಮಾಡಿಸಿ ಇಡುತ್ತಿದ್ದರು. ಆದರೆ ದೊಡ್ಡರಂಗಯ್ಯ ಬದುಕಿರುವಷ್ಟು ದಿನ ಹೆಂಡತಿಯ ಕೈ ಅಡುಗೆ ಬಿಟ್ಟು ಬೇರೆ ಉಂಡವರಲ್ಲ. ನೆಂಟರ ಮದುವೆಗೆ ಹೋದರೂ ಹಸಿದುಕೊಂಡೇ ಮನೆಗೆ ಬರುತ್ತಿದ್ದರಂತೆ.

“ಬಂದ್ ಬಂದ್ ಎಲೆ ನೋಡಿ ವಾಪಸ್ ಹೋಗವ್ರೆ ಅಲ್ವಾ” ಎಂದರು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಭಯ ಇತ್ತು. “ಈಗ ನಾನು ಮಾಡಿ ಇಟ್ರೆ ಬರ್ತಾರಾ? ಮುನಿಸ್ಕಂಡಿರ್ತಾರಾ? ನೀವ್ ಓದ್ದೋರು, ಹೇಳಿ.”

ಇವರು ನನ್ನ ಕಡೆ ನೋಡಿದರು. ಆಮೇಲೆ ಇವರು ಮುಂದಕ್ಕೆ ಬಾಗಿ, ಮೆತ್ತಗೆ, “ಬರ್ತಾರಮ್ಮ. ಖಂಡಿತ ಬರ್ತಾರೆ” ಎಂದರು.

ಪುಟ್ಟತಾಯಮ್ಮ ತಲೆ ಎತ್ತಿ ಇವರ ಮುಖವನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ತಿಳಿಯಲೇಬೇಕಾಗಿದ್ದವರು ಕೇಳುವ ಹಾಗೆ ಕೇಳಿದರು.

“ಇದ್ನಾದ್ರೂ ನಾಕ್ ಜನುನ್ನ ಕೇಳಿ ಹೇಳ್ತಿದ್ದೀರಾ, ತಮ್ಮಾ?”